ಯೋಚನೆ ದುಡಿಯುವ ತರಗತಿ: ಬೋಧನಾ ವಿಧಾನದ ಆಯ್ಕೆಯ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಮಗು ಚಟುವಟಿಕೆ, ಶೋಧನೆ ಮತ್ತು ಅನ್ವೇಷಣೆಯ ಮೂಲಕ, ಮಗುಸ್ನೇಹಿ ರೀತಿಯಲ್ಲಿ ಕಲಿಯಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. 2010ರ ಏಪ್ರಿಲ್ 1ರಂದು ಕಾಯ್ದೆ ಜಾರಿಗೆ ಬಂದ ಮೇಲೆ, ತರಗತಿಯಲ್ಲಿ ಚಟುವಟಿಕೆ ಬೇಕೋ ಬೇಡವೋ ಎಂಬ ಚರ್ಚೆಗೆ ಜಾಗ ಉಳಿದಿಲ್ಲ. ಆದರೆ ಯಾವ ಪಾಠಕ್ಕೆ ಯಾವ ಚಟುವಟಿಕೆ, ಎಷ್ಟು ಹೊತ್ತು, ಮಕ್ಕಳನ್ನು ಹೇಗೆ ಕೂರಿಸಿ, ಎಷ್ಟು ಹೇಳಿಕೊಟ್ಟು ಎಷ್ಟನ್ನು ಅವರಿಗೇ ಬಿಟ್ಟು ಎಂಬುದನ್ನು ಯಾವ ಕಾಯ್ದೆಯೂ ಹೇಳಲಾರದು. ಅದು ಶಿಕ್ಷಕರು ದಿನವೂ, ಬಹುಮಟ್ಟಿಗೆ ಒಬ್ಬರೇ, ಮಾಡಬೇಕಾದ ತೀರ್ಮಾನ.

ತರಬೇತಿಗಳಲ್ಲಿ ಅವರಿಗೆ ಸಿಗುವುದು ವಿಧಾನಗಳ ಪಟ್ಟಿ: ಗುಂಪು ಚರ್ಚೆ, ಪಾತ್ರಾಭಿನಯ, ಯೋಜನಾ ಕಾರ್ಯ, ರಸಪ್ರಶ್ನೆ, ಕ್ಷೇತ್ರ ಭೇಟಿ, ಪರಿಕಲ್ಪನಾ ನಕ್ಷೆ. ಇವುಗಳಲ್ಲಿ ಪ್ರತಿಯೊಂದೂ ಎಲ್ಲೋ ಒಂದೆಡೆ ಒಳ್ಳೆಯ ಫಲ ಕೊಟ್ಟಿದೆ, ಇನ್ನೆಲ್ಲೋ ಸೋತಿದೆ. ಆ ಪಟ್ಟಿಗೆ ಇನ್ನೂ ಕೆಲವನ್ನು ಸೇರಿಸುವ ಉದ್ದೇಶ ಈ ಟಿಪ್ಪಣಿಗಿಲ್ಲ. ಆಯ್ಕೆಗೆ ಆಧಾರ ಯಾವುದಾಗಬೇಕು ಎಂಬುದನ್ನು ಕರ್ನಾಟಕದ ನಲಿ-ಕಲಿ ಅನುಭವವನ್ನೂ ಕಳೆದ ಕೆಲವು ದಶಕಗಳ ಸಂಶೋಧನೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುವುದು ಇಲ್ಲಿನ ಪ್ರಯತ್ನ. ನನ್ನ ವಾದ ಇಷ್ಟು: ವಿಧಾನವೊಂದನ್ನು ಅದರ ಹೆಸರಿನಿಂದಲೋ ಅದು ತರಗತಿಯಲ್ಲಿ ಮೂಡಿಸುವ ಲವಲವಿಕೆಯಿಂದಲೋ ಅಳೆದರೆ ಸಾಲದು. ಆ ದಿನದ ಪಾಠದಲ್ಲಿ ಕಷ್ಟ ಎಲ್ಲಿದೆಯೋ ಅಲ್ಲಿಯೇ ಪ್ರತಿ ಮಗುವಿನ ಯೋಚನೆ ದುಡಿಯುವಂತೆ ಅದು ಮಾಡುತ್ತದೆಯೇ? ಹಾಗೆ ದುಡಿದದ್ದು ಅದೇ ಅವಧಿಯಲ್ಲಿ ಶಿಕ್ಷಕರ ಕಣ್ಣಿಗೆ ಬೀಳುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆಯ ಬಹುಪಾಲು ಕೆಲಸ ಮುಗಿದಂತೆ.

ನಲಿ-ಕಲಿಯಿಂದ ತಿಳಿಯುವುದು

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಶುರುವಾಯಿತು. ಅದಕ್ಕೆ ಪ್ರೇರಣೆ ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಠ್ಯಪುಸ್ತಕವನ್ನು ಸಣ್ಣಸಣ್ಣ ಕಲಿಕಾ ಕಾರ್ಡುಗಳಾಗಿ ಬಿಡಿಸಿದ್ದರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು ಕನ್ನಡಕ್ಕೆ ತಕ್ಕ ಕಾರ್ಡುಗಳನ್ನು ರೂಪಿಸಿದರು. ಐಎಎಸ್ ಅಧಿಕಾರಿಯಾಗಿದ್ದ ಅನಿತಾ ಕೌಲ್ ಈ ಪ್ರಯತ್ನದ ಬೆನ್ನಿಗೆ ನಿಂತರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ 1 ಮತ್ತು 2ನೇ ತರಗತಿಗೆ, ಆಮೇಲೆ 3ನೇ ತರಗತಿಗೂ ಹಬ್ಬಿತು. ತಾಲ್ಲೂಕು ಮಟ್ಟದಲ್ಲಿ ಶಿಕ್ಷಕರು ಕಟ್ಟಿದ ಕ್ರಮವೊಂದು ಇಡೀ ರಾಜ್ಯದ ಕ್ರಮವಾದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ. ಆ ಕಾರಣಕ್ಕಾದರೂ ಅದನ್ನು ಗಂಭೀರವಾಗಿ ಓದಬೇಕು.

ನಲಿ-ಕಲಿ ಕೊಠಡಿಗೆ ಹೋದವರಿಗೆ ಮೊದಲು ಕಾಣುವುದು ಗೋಡೆಯ ಮೇಲಿನ ಕಲಿಕಾ ಏಣಿ. ಅದರ ಮೆಟ್ಟಿಲುಗಳಲ್ಲಿ ಕಾರ್ಡುಗಳ ಚಿತ್ರ-ಸಂಕೇತಗಳಿವೆ. ಹಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಮಗು ತಾನು ಎಲ್ಲಿದ್ದೇನೆಂದು ಏಣಿಯಲ್ಲಿ ಗುರುತಿಸಿಕೊಂಡು, ಆ ಕಾರ್ಡು ತೆಗೆದುಕೊಂಡು, ಅದು ಸೇರಿದ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮತ್ತೆ ಕೆಲವಕ್ಕೆ ಸಹಪಾಠಿಗಳ ನೆರವು, ಒಂದು ಸ್ವಕಲಿಕೆಗೆ, ಮತ್ತೊಂದು ಮೌಲ್ಯಮಾಪನಕ್ಕೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರಗಳು. ಯಾವ ಮಗು ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ಪ್ರಗತಿ ನೋಟ.

ಈ ಏರ್ಪಾಡಿನ ದೊಡ್ಡ ಬಲ ಹಾಡು-ಆಟಗಳಲ್ಲಿದೆ ಎಂದು ಹಲವರು ತಿಳಿದಿದ್ದಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಎರಡು ಸಂಗತಿಗಳು. ಮೊದಲನೆಯದು, ಮಗು ಬಿಟ್ಟಲ್ಲಿಂದ ಮುಂದುವರಿಯಬಹುದು. ಅಪ್ಪ-ಅಮ್ಮನ ಜೊತೆ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಹೋಗಿ ತಿಂಗಳು ಬಿಟ್ಟು ಮರಳಿದ ಮಗುವಿಗೆ, ಎಲ್ಲರಿಗೂ ಒಟ್ಟಿಗೆ ಪಾಠ ಮಾಡುವ ತರಗತಿಯಲ್ಲಿ ಆ ತಿಂಗಳು ಕಳೆದೇ ಹೋಯಿತು. ಏಣಿಯಲ್ಲಿ ಅದರ ಮೆಟ್ಟಿಲು ಅಲ್ಲೇ ಇರುತ್ತದೆ. ಎರಡನೆಯದು, ನೆರವಿನ ಪ್ರಮಾಣ ಹಂತಹಂತವಾಗಿ ಇಳಿಯುತ್ತದೆ. ಹೊಸದನ್ನು ಶಿಕ್ಷಕರ ಬಳಿ, ಅರ್ಧ ಗೊತ್ತಾದದ್ದನ್ನು ಗೆಳೆಯರ ಜೊತೆ, ಗೊತ್ತಾದದ್ದನ್ನು ತಾನೇ ಅಭ್ಯಾಸ ಮಾಡುವುದು. ಇದು ಮುಂದೆ ನೋಡಲಿರುವ ಸಂಶೋಧನೆಗಳಿಗೆ ಬಹಳ ಹತ್ತಿರವಾದ ವಿನ್ಯಾಸ.

ಅಕ್ಷರ ಕಲಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಲಿ-ಕಲಿ ‘ಅ ಆ ಇ ಈ’ಯಿಂದ ಶುರು ಮಾಡುವುದಿಲ್ಲ. ಮೊದಲ ಗುಂಪಿನಲ್ಲಿ ಬರುವುದು ರ, ಗ, ಸ, ದ, ಅ. ವರ್ಣಮಾಲೆಯ ಮೊದಲ ಐದು ಸ್ವರಗಳನ್ನು ಕಲಿತ ಮಗುವಿಗೆ ಅವಷ್ಟರಿಂದ ಕಟ್ಟಬಹುದಾದ ಪದ ಇಲ್ಲವೆಂದೇ ಹೇಳಬೇಕು. ನಲಿ-ಕಲಿಯ ಐದು ಅಕ್ಷರ ಕಲಿತ ಮಗು ‘ಸರ’ ಓದಬಲ್ಲದು, ಅದನ್ನೇ ತಿರುಗಿಸಿ ‘ರಸ’ ಮಾಡಬಲ್ಲದು, ‘ದರ’, ‘ಅರಸ’, ‘ಅಗಸ’, ‘ಗದಗ’ ಬರೆಯಬಲ್ಲದು. ಬಿಡಿ ಅಕ್ಷರಗಳ ಮಿಂಚುಪಟ್ಟಿ ಕೊಟ್ಟು ‘ಇದರಿಂದ ಎಷ್ಟು ಪದ ಕಟ್ಟುತ್ತೀ’ ಎಂದು ಕೇಳಿದರೆ ಆರು ವರ್ಷದ ಮಗು ಕಾರ್ಡಿನಲ್ಲಿ ಇಲ್ಲದ ಏನನ್ನೋ ತಾನೇ ಉಂಟುಮಾಡುತ್ತದೆ. ಓದಿದ್ದನ್ನು ಮತ್ತೆ ಓದುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಆಟದ ಸಾಮಗ್ರಿ ಬದಲಾಯಿಸದೆ, ಯಾವ ಅಕ್ಷರ ಮೊದಲು ಎಂಬ ಒಂದೇ ತೀರ್ಮಾನದಿಂದ ಮಗುವಿನ ಯೋಚನೆಗೆ ಕೆಲಸ ಸಿಕ್ಕಿತು.

ಲಿಪಿಯ ಸ್ವಭಾವವನ್ನು ನೋಡಿದರೆ ಇದು ಇನ್ನೂ ಮುಖ್ಯ. ಗುಣಿತಾಕ್ಷರ ಸೇರಿದರೆ ಕನ್ನಡದ ಮಗು ಗುರುತಿಸಬೇಕಾದ ಅಕ್ಷರರೂಪಗಳು ನೂರಾರು. ಒತ್ತಕ್ಷರ ಸೇರಿದರೆ ಇನ್ನಷ್ಟು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಮಕ್ಕಳಲ್ಲಿ ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಪೂರ್ಣಗೊಳ್ಳುವುದಿಲ್ಲ, ಮೇಲಿನ ತರಗತಿಗಳವರೆಗೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಇಂಗ್ಲಿಷ್ ಓದಿನ ಸಂಶೋಧನೆಯಿಂದ ತಂದ ವೇಳಾಪಟ್ಟಿಯನ್ನು ನಮ್ಮ ಒಂದನೇ ತರಗತಿಗೆ ಹಾಕಿದರೆ ಮಗುವಿಗೂ ಶಿಕ್ಷಕರಿಗೂ ಅನ್ಯಾಯವಾಗುತ್ತದೆ. ವಿಧಾನದ ಆಯ್ಕೆ ವಿಷಯದ ಒಳರಚನೆಯಿಂದ ಹೊರಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಲಿ-ಕಲಿಗೆ ತೊಡಕುಗಳೂ ಇವೆ. ಗ್ರಾಮೀಣ ಕರ್ನಾಟಕದ ಶಾಲೆಗಳಲ್ಲಿ ಕೂತು ಅಧ್ಯಯನ ಮಾಡಿದ ಆರತಿ ಶ್ರೀಪ್ರಕಾಶ್, 2012ರ ತಮ್ಮ ಪುಸ್ತಕದಲ್ಲಿ ಮಗು-ಕೇಂದ್ರಿತ ಎನ್ನುವ ಕಾರ್ಯಕ್ರಮಗಳು ದಿನದಿನದ ತರಗತಿಯಲ್ಲಿ ಎಷ್ಟು ಬಿಗಿಯಾದ ಚೌಕಟ್ಟಿನೊಳಗೆ ನಡೆಯುತ್ತವೆ ಎಂಬ ಪ್ರಶ್ನೆಯನ್ನು ಎತ್ತಿದ್ದಾರೆ. ಏಣಿ ಕ್ರಮವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಕಾರ್ಡು ಮುಗಿಸುವುದೇ ಗುರಿಯಾದರೆ ಮಗು ಪಕ್ಕದವರದನ್ನು ನೋಡಿ ಬರೆದು ಮುಂದಿನ ಮೆಟ್ಟಿಲಿಗೆ ಹೋಗುವುದು ಸುಲಭ. ಹಲವು ತಟ್ಟೆಗಳಲ್ಲಿ ಕೆಲಸ ನಡೆಯುತ್ತಿರುವಾಗ ಒಬ್ಬರೇ ಶಿಕ್ಷಕರಿಗೆ ಅದು ಕಾಣದೇ ಹೋಗಬಹುದು. ಇಲ್ಲಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ.

ಕೈಯ ಕೆಲಸ, ತಲೆಯ ಕೆಲಸ

2004ರಲ್ಲಿ ರಿಚರ್ಡ್ ಮೇಯರ್ ಬರೆದ ಪ್ರಬಂಧವೊಂದು ಮೂರು ದಶಕಗಳ ಪ್ರಯೋಗಗಳನ್ನು ಸಾಲಾಗಿ ನೋಡಿತು: 1960ರ ದಶಕದ ಸಮಸ್ಯಾ ಪರಿಹಾರದ ನಿಯಮಗಳ ಶೋಧನೆ, 1970ರ ದಶಕದ ಪರಿಮಾಣ ಸ್ಥಿರತೆಯ ಕಲಿಕೆ, 1980ರ ದಶಕದ ಲೋಗೋ ಕಂಪ್ಯೂಟರ್ ಭಾಷೆಯ ಕಲಿಕೆ. ಮೂರೂ ಕಡೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟ ಶೋಧನೆಗಿಂತ ಮಾರ್ಗದರ್ಶನವಿದ್ದ ಶೋಧನೆ ಮೇಲಾಗಿತ್ತು. ಮೇಯರ್ ಒತ್ತಿ ಹೇಳಿದ್ದು, ಹೊರಗೆ ಕಾಣುವ ಚಟುವಟಿಕೆ ಒಳಗಿನ ಚಟುವಟಿಕೆಗೆ ಖಾತರಿ ಅಲ್ಲ ಎಂದು. ಮಗು ಕತ್ತರಿಸಿ ಅಂಟಿಸುತ್ತಿರುವಾಗ ಅದರ ಯೋಚನೆ ವಿರಾಮದಲ್ಲಿರಬಹುದು. ಕೈಕಟ್ಟಿ ಕಥೆ ಕೇಳುತ್ತಿರುವ ಮಗುವಿನ ತಲೆ ಮುಂದೇನಾಗಬಹುದು ಎಂದು ಲೆಕ್ಕ ಹಾಕುತ್ತಿರಬಹುದು.

ಇದನ್ನು ಇನ್ನಷ್ಟು ಬಳಕೆಗೆ ಬರುವಂತೆ ವಿಂಗಡಿಸಿದವರು ಮಿಶೆಲಿನ್ ಚಿ ಮತ್ತು ರೂತ್ ವೈಲಿ (2014). ಕಲಿಯುವವರ ತೊಡಗುವಿಕೆಯನ್ನು ಅವರು ನಾಲ್ಕು ಹಂತವಾಗಿ ನೋಡುತ್ತಾರೆ. ಸುಮ್ಮನೆ ಕೇಳುವುದು ನಿಷ್ಕ್ರಿಯ. ಕೇಳುತ್ತ ಗೆರೆ ಎಳೆಯುವುದು, ನಕಲು ಮಾಡುವುದು, ಹೇಳಿದ್ದನ್ನು ಮತ್ತೆ ಹೇಳುವುದು ಸಕ್ರಿಯ. ಪಾಠದಲ್ಲಿ ನೇರವಾಗಿ ಇಲ್ಲದ್ದನ್ನು ತಾನು ಹೊರತರುವುದು, ಅಂದರೆ ಕಾರಣ ಹೇಳುವುದು, ಹೋಲಿಸುವುದು, ಮುಂದಾಗಿ ಊಹಿಸುವುದು ರಚನಾತ್ಮಕ. ಇಬ್ಬರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಕಟ್ಟುತ್ತ, ಒಪ್ಪದಿದ್ದರೆ ಏಕೆಂದು ಕೇಳುತ್ತ ಹೋಗುವುದು ಸಂವಾದಾತ್ಮಕ. ಮೇಲಿನ ಹಂತಕ್ಕೆ ಹೋದಂತೆ ಕಲಿಕೆ ಆಳವಾಗುತ್ತದೆ ಎಂಬುದು ಅವರ ನಿಲುವು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ತರಗತಿಗಳ ಎಷ್ಟೋ ‘ಗುಂಪು ಚಟುವಟಿಕೆ’ ಎರಡನೇ ಹಂತದಲ್ಲೇ ನಿಂತಿರುತ್ತವೆ: ಒಬ್ಬ ಜಾಣ ಹುಡುಗಿ ಚಾರ್ಟ್ ಬರೆಯುತ್ತಾಳೆ, ಉಳಿದವರು ಬಣ್ಣ ತುಂಬುತ್ತಾರೆ. ಗುಂಪು ಇದೆ, ಸಂವಾದ ಇಲ್ಲ.

ಮೂರನೇ ತರಗತಿಯ ಒಂದು ಲೆಕ್ಕ ತೆಗೆದುಕೊಳ್ಳೋಣ. 52ರಿಂದ 27 ಕಳೆಯಬೇಕು. ಬಹಳ ಮಕ್ಕಳು 35 ಎಂದು ಬರೆಯುತ್ತಾರೆ. ಮೇಲೆ 2, ಕೆಳಗೆ 7 ಇದ್ದರೆ ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಬರೆದುಬಿಡುತ್ತಾರೆ. ಇದು ಅಜಾಗರೂಕತೆಯ ತಪ್ಪಲ್ಲ, ನಿಯಮ ಹಿಡಿದು ಮಾಡುವ ತಪ್ಪು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಮಕ್ಕಳ ವ್ಯವಕಲನದ ಇಂಥ ತಪ್ಪುಗಳನ್ನು ಸಾವಿರಾರು ಉತ್ತರಗಳಿಂದ ಹೆಕ್ಕಿ, ಅವುಗಳಲ್ಲಿ ಎಷ್ಟೋ ತಪ್ಪುಗಳ ಹಿಂದೆ ಮಗು ಸ್ಥಿರವಾಗಿ ಪಾಲಿಸುವ ಒಂದು ಕ್ರಮವಿದೆ ಎಂದು ತೋರಿಸಿದ್ದರು.

ಚಟುವಟಿಕೆಯ ಮೂಲಕ ಕಲಿಸಲು ಬಯಸುವ ಶಿಕ್ಷಕಿ ಕಡ್ಡಿಗಳನ್ನು ತರುತ್ತಾರೆ: ಹತ್ತರ ಐದು ಕಟ್ಟು, ಎರಡು ಬಿಡಿ. ಮಕ್ಕಳು ನಾಲ್ಕೈದು ಜನರ ಗುಂಪಾಗಿ ಕೂತು 27 ಕಡ್ಡಿ ತೆಗೆದು, ಉಳಿದವನ್ನು ಎಣಿಸಿ 25 ಎನ್ನುತ್ತಾರೆ. ಉತ್ತರ ಸರಿ. ಆದರೆ ಆ ಮಕ್ಕಳು ಎಣಿಸಿದ್ದು ಹೇಗೆಂದು ಪಕ್ಕದಲ್ಲಿ ಕೂತು ನೋಡಬೇಕು. ಕೆಲವರು ಎಲ್ಲ ಕಟ್ಟುಗಳನ್ನೂ ಮೊದಲೇ ಬಿಚ್ಚಿ, ಐವತ್ತೆರಡು ಬಿಡಿ ಕಡ್ಡಿ ಮಾಡಿಕೊಂಡು, ಒಂದೊಂದಾಗಿ ಇಪ್ಪತ್ತೇಳು ಎತ್ತಿಟ್ಟು, ಉಳಿದದ್ದನ್ನು ಒಂದೊಂದಾಗಿ ಎಣಿಸಿರುತ್ತಾರೆ. ಹತ್ತು ಮತ್ತು ಬಿಡಿಯ ಸಂಬಂಧ, ಅಂದರೆ ಈ ಪಾಠದ ಜೀವ, ಅವರ ಯೋಚನೆಗೆ ಬಂದೇ ಇಲ್ಲ. ಮರುದಿನ ಸ್ಲೇಟಿನಲ್ಲಿ ಅದೇ ಲೆಕ್ಕ ಕೊಟ್ಟರೆ ಮತ್ತೆ 35 ಬರೆಯುತ್ತಾರೆ. ಕೈ ದುಡಿಯಿತು, ಮಕ್ಕಳು ಖುಷಿಪಟ್ಟರು, ಸರಿ ಉತ್ತರವೂ ಬಂತು. ಪಾಠದ ಕಷ್ಟ ಮಾತ್ರ ಮುಟ್ಟದೆ ಉಳಿಯಿತು.

ಕಡ್ಡಿಗಳನ್ನು ಹಾಗೇ ಇಟ್ಟುಕೊಂಡು ಪ್ರಶ್ನೆಯನ್ನು ಬದಲಿಸಿ ನೋಡಿ. 57 − 22, 52 − 27, 50 − 27 ಎಂಬ ಮೂರು ಲೆಕ್ಕ ಬೋರ್ಡಿನ ಮೇಲೆ ಬರೆದು, ಕಡ್ಡಿ ಮುಟ್ಟುವ ಮೊದಲು ಕೇಳುವುದು: ‘ಯಾವುದರಲ್ಲಿ ಕಟ್ಟು ಬಿಚ್ಚಬೇಕಾಗುತ್ತೆ? ಎಷ್ಟು ಕಟ್ಟು? ಯಾಕೆ?’ ಪ್ರತಿ ಮಗು ತನ್ನ ಉತ್ತರವನ್ನು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯಬೇಕು. ಆಮೇಲೆ ಜೋಡಿಯಲ್ಲಿ ಕೆಲಸ: ಒಬ್ಬರು ಕಡ್ಡಿ ಹಿಡಿಯುವುದು, ಇನ್ನೊಬ್ಬರು ಬರೆಯುವುದು. ಕಟ್ಟು ಬಿಚ್ಚಿದ ಕ್ಷಣದಲ್ಲೇ 5ನ್ನು ಹೊಡೆದು 4, ಬಿಡಿಯ ಮನೆಯಲ್ಲಿ 12 ಎಂದು ಬರಹದಲ್ಲೂ ಬರಬೇಕು. ಒಂದಕ್ಕೊಂದು ತಾಳೆಯಾಗದಿದ್ದರೆ ಬರೆಯುವವರು ನಿಲ್ಲಿಸಿ ಕೇಳಬೇಕು. ಲೆಕ್ಕ ಮುಗಿದ ಮೇಲೆ ಪಾತ್ರ ಅದಲುಬದಲು. ಸಾಮಗ್ರಿ ಅದೇ, ಸಮಯ ಹೆಚ್ಚುಕಡಿಮೆ ಅಷ್ಟೇ. ಈಗ ದಶಕ ಸಹಿತ ವ್ಯವಕಲನದಲ್ಲಿ ಕಷ್ಟ ಎಲ್ಲಿದೆಯೋ ಅಲ್ಲಿಯೇ ಪ್ರತಿ ಮಗುವೂ ಯೋಚಿಸಬೇಕಾಗಿದೆ. ಮೇಲಕ್ಕೆ ಎತ್ತಿದ ಸ್ಲೇಟುಗಳನ್ನು ಕಣ್ಣಾಡಿಸಿ ನೋಡಿದರೆ ಯಾರಿಗೆ ಗೊಂದಲವಿದೆ ಎಂಬುದು ಶಿಕ್ಷಕಿಗೆ ತಕ್ಷಣ ತಿಳಿಯುತ್ತದೆ. ಸ್ಲೇಟು ನಮ್ಮ ಶಾಲೆಗಳಲ್ಲಿರುವ ಅತಿ ಅಗ್ಗದ, ಅತಿ ನಂಬಿಕೆಯ ಮೌಲ್ಯಮಾಪನ ಸಾಧನ. ಅದನ್ನು ಬರೀ ಅಕ್ಷರ ತಿದ್ದುವುದಕ್ಕೆ ಬಿಟ್ಟಿರುವುದು ನಷ್ಟ.

ಎಷ್ಟು ಹೇಳಿಕೊಡಬೇಕು?

ಸಕ್ರಿಯ ಕಲಿಕೆ ಎಂದರೆ ಶಿಕ್ಷಕರು ಕಡಿಮೆ ಮಾತಾಡುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಪಾಲ್ ಕರ್ಶ್ನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ 2006ರಲ್ಲಿ ಇದನ್ನು ಕಟುವಾಗಿ ಪ್ರಶ್ನಿಸಿದರು. ಹೊಸ ವಿಷಯವನ್ನು ಆಗಷ್ಟೇ ಕಲಿಯುತ್ತಿರುವವರ ಕಾರ್ಯಸ್ಮೃತಿಗೆ ಮಿತಿ ಇದೆ. ಏನನ್ನೂ ಹೇಳಿಕೊಡದೆ ಸಮಸ್ಯೆಯ ಮುಂದೆ ಕೂರಿಸಿದರೆ ದಾರಿ ಹುಡುಕುವುದರಲ್ಲೇ ಆ ಶಕ್ತಿ ಮುಗಿಯುತ್ತದೆ, ಕಲಿಕೆಗೆ ಉಳಿಯುವುದಿಲ್ಲ ಎಂಬುದು ಅವರ ವಾದ. ಮರುವರ್ಷವೇ ಸಿಂಡಿ ಮೆಲೊ-ಸಿಲ್ವರ್ ಮತ್ತು ಸಂಗಡಿಗರು, ಚೆನ್ನಾಗಿ ರೂಪಿಸಿದ ಸಮಸ್ಯಾಧಾರಿತ ಕಲಿಕೆಯಲ್ಲಿ ಮಾರ್ಗದರ್ಶನ ಧಾರಾಳವಾಗಿಯೇ ಇರುತ್ತದೆ, ಅದನ್ನು ಮಾರ್ಗದರ್ಶನವಿಲ್ಲದ ಕಲಿಕೆಯ ಸಾಲಿಗೆ ಸೇರಿಸುವುದು ತಪ್ಪು ಎಂದು ಉತ್ತರಿಸಿದರು. ಎರಡು ಪಕ್ಷಗಳನ್ನೂ ಓದಿದ ಮೇಲೆ ನನಗೆ ತೋರುವುದು, ಭಿನ್ನಾಭಿಪ್ರಾಯ ಅಂದುಕೊಂಡಷ್ಟು ದೊಡ್ಡದಲ್ಲ. ಹೊಸಬರಿಗೆ ನೆರವು ಬೇಕು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಮುಖ್ಯವಾದದ್ದು, ನೆರವು ಯಾವಾಗ ಹಿಂದೆ ಸರಿಯಬೇಕು ಎಂಬುದು. ಆರಂಭದಲ್ಲಿ ಬಿಡಿಸಿ ತೋರಿಸಿದ ಮಾದರಿ ಲೆಕ್ಕಗಳು ಬಹಳ ಸಹಾಯಕ. ಅದೇ ಲೆಕ್ಕಗಳು ವಿಷಯ ಹಿಡಿತಕ್ಕೆ ಬಂದವರಿಗೆ ಅಡ್ಡಿಯಾಗುತ್ತವೆ. ಸ್ಲಾವಾ ಕಲ್ಯುಗ ಮತ್ತು ಸಂಗಡಿಗರು 2003ರಲ್ಲಿ ಈ ತಿರುವನ್ನು ವಿವರಿಸಿದರು. ಆದ್ದರಿಂದ ಒಂದೇ ತರಗತಿಯ ಇಬ್ಬರು ಮಕ್ಕಳಿಗೆ ಒಂದೇ ದಿನ ಒಂದೇ ವಿಧಾನ ಸರಿಯಾಗದೇ ಇರಬಹುದು. ನಲಿ-ಕಲಿಯ ತಟ್ಟೆಗಳ ಹಿಂದಿನ ವಿವೇಕ ಇದೇ.

ಇದಕ್ಕೆ ವಿರುದ್ಧವೆಂದು ಕಾಣುವ ಇನ್ನೊಂದು ಸಾಲಿನ ಸಂಶೋಧನೆ ಮನು ಕಪೂರ್ ಅವರದು. ಮೊದಲು ಸಮಸ್ಯೆ ಕೊಟ್ಟು, ಮಕ್ಕಳು ತಮ್ಮ ದಾರಿಗಳಲ್ಲಿ ಒದ್ದಾಡಿ ಸೋತ ಮೇಲೆ ಪಾಠ ಮಾಡಿದರೆ ಪರಿಕಲ್ಪನೆ ಆಳವಾಗಿ ಇಳಿಯುತ್ತದೆ ಎಂದು ಅವರು ಸಿಂಗಪುರದ ಶಾಲೆಗಳಲ್ಲಿ ತೋರಿಸಿದರು. ಇಲ್ಲಿ ಎರಡು ಷರತ್ತುಗಳಿವೆ. ಮಕ್ಕಳ ಸೋತ ಉತ್ತರಗಳನ್ನೇ ಬೋರ್ಡಿಗೆ ತಂದು, ಸರಿ ಉತ್ತರದೊಂದಿಗೆ ಹೋಲಿಸಿ ಪಾಠ ಕಟ್ಟಬೇಕು. ಜೊತೆಗೆ ವಯಸ್ಸು: 2021ರಲ್ಲಿ ತನ್ಮಯ್ ಸಿನ್ಹಾ ಜೊತೆ ಕಪೂರ್ ಮಾಡಿದ ಸಮಗ್ರ ವಿಶ್ಲೇಷಣೆಯಲ್ಲಿ ದೊಡ್ಡ ತರಗತಿಗಳಲ್ಲಿ ಕಂಡ ಲಾಭ 2ರಿಂದ 5ನೇ ತರಗತಿಯ ಮಕ್ಕಳಲ್ಲಿ ಕಾಣಲಿಲ್ಲ. ಎಂಟನೇ ತರಗತಿಯಲ್ಲಿ ಸರಾಸರಿ ಮತ್ತು ಚದುರುವಿಕೆಗೆ ಈ ಕ್ರಮ ಒಪ್ಪುತ್ತದೆ. ಎರಡನೇ ತರಗತಿಯ ಒತ್ತಕ್ಷರಕ್ಕೆ ಒಪ್ಪುವುದಿಲ್ಲ.

ಬಾಯಿಪಾಠದ ಬಗ್ಗೆಯೂ ಒಂದು ಮಾತು. ಚಟುವಟಿಕೆಯ ಉತ್ಸಾಹದಲ್ಲಿ ಮಗ್ಗಿಯನ್ನು ತರಗತಿಯಿಂದ ಹೊರಗಿಟ್ಟ ಶಾಲೆಗಳಿವೆ. ಇದಕ್ಕೆ ಸಂಶೋಧನೆಯ ಬೆಂಬಲ ಇಲ್ಲ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ತೆಗೆದವರು ವಾರದ ನಂತರ ಅವರನ್ನು ಹಿಂದೆ ಹಾಕಿದರು. ನೆನಪಿನಿಂದ ತೆಗೆಯುವುದೂ ಯೋಚನೆಯ ದುಡಿಮೆಯೇ. ಪುಸ್ತಕ ಮುಚ್ಚಿಸಿ ‘ನಿನ್ನೆಯ ಪಾಠದಿಂದ ಮೂರು ಸಂಗತಿ ಬರೆಯಿರಿ’ ಎನ್ನುವುದಕ್ಕೆ ಚಾರ್ಟೂ ಬೇಡ, ಪ್ರೊಜೆಕ್ಟರೂ ಬೇಡ.

ಮಟ್ಟಕ್ಕೆ ತಕ್ಕ ಗುಂಪು

ಪ್ರಥಮ್ ಸಂಸ್ಥೆ ಬೆಳೆಸಿದ ಕ್ರಮದಲ್ಲಿ 3ರಿಂದ 5ನೇ ತರಗತಿಯ ಮಕ್ಕಳನ್ನು ತರಗತಿಯ ಬದಲು ಓದಿನ ಮಟ್ಟದ ಪ್ರಕಾರ ಕೂರಿಸುತ್ತಾರೆ: ಅಕ್ಷರ, ಪದ, ಪ್ಯಾರಾ, ಕಥೆ. ಕರ್ನಾಟಕದಲ್ಲಿ ‘ಓದು ಕರ್ನಾಟಕ’ ಈ ದಾರಿಯದು. ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹಲವು ರಾಜ್ಯಗಳಲ್ಲಿ ನಡೆಸಿದ ಯಾದೃಚ್ಛಿಕ ಪ್ರಯೋಗಗಳಲ್ಲಿ ನನ್ನನ್ನು ಬಹುವಾಗಿ ತಟ್ಟಿದ್ದು ಬಿಹಾರದ ಫಲಿತಾಂಶ. 2008ರ ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಿಕ್ಷಕರು ಈ ಕ್ರಮದಲ್ಲಿ ಕಲಿಸಿದಾಗ ಮಕ್ಕಳ ಓದು ಸುಧಾರಿಸಿತು. ಶಾಲಾ ವರ್ಷದಲ್ಲಿ ಸರ್ಕಾರಿ ಶಿಕ್ಷಕರಿಗೆ ಅದೇ ಕ್ರಮದ ತರಬೇತಿ, ಅದೇ ಸಾಮಗ್ರಿ ಕೊಟ್ಟಾಗ, ಸ್ವಯಂಸೇವಕರ ನೆರವಿಲ್ಲದ ಕಡೆ ಪರಿಣಾಮ ಕಾಣಲಿಲ್ಲ. ವಿಧಾನ ಅದೇ, ಕಲಿಸಿದವರೂ ಸರ್ಕಾರಿ ಶಿಕ್ಷಕರೇ. ಶಾಲಾ ವರ್ಷದಲ್ಲಿ ಪಠ್ಯಕ್ರಮ ಮುಗಿಸುವ ಒತ್ತಡ ಗೆದ್ದಿತು. 2012-13ರಲ್ಲಿ ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಮೇಲ್ವಿಚಾರಕರು ಮೊದಲು ತಾವೇ ಮಕ್ಕಳಿಗೆ ಕಲಿಸಿ ಅನುಭವ ಪಡೆದು ಆಮೇಲೆ ಶಿಕ್ಷಕರ ಬೆಂಬಲಕ್ಕೆ ನಿಂತಾಗ ಹಿಂದಿ ಓದಿನಲ್ಲಿ ಲಾಭ ಬಂತು.

ಹಾಗಾಗಿ ಆಯ್ಕೆಯ ಹೊಣೆಯನ್ನೆಲ್ಲ ಶಿಕ್ಷಕರ ಹೆಗಲಿಗೆ ಹಾಕುವುದು ನ್ಯಾಯವಲ್ಲ. ವೇಳಾಪಟ್ಟಿಯಲ್ಲಿ ಜಾಗ ಕೊಡದೆ, ಪಾಠ ಮುಗಿದ ಲೆಕ್ಕವನ್ನೇ ಕೇಳುತ್ತ, ಹೊಸ ವಿಧಾನವನ್ನು ಮಾತ್ರ ಹೇಳಿಕೊಟ್ಟರೆ ಬಿಹಾರದ ಫಲಿತಾಂಶವೇ ಇಲ್ಲೂ ಬರುತ್ತದೆ.

ಪ್ರೌಢಶಾಲೆ ಮತ್ತು ಅದರ ಮುಂದೆ

ದೊಡ್ಡ ತರಗತಿಗಳಲ್ಲಿ ಅರವತ್ತು-ಎಪ್ಪತ್ತು ಮಂದಿ ಬೆಂಚಿನಲ್ಲಿ ಒತ್ತೊತ್ತಾಗಿ ಕೂತಿರುವಾಗ ಚಟುವಟಿಕೆ ಸಾಧ್ಯವೇ ಇಲ್ಲ ಎನ್ನುವವರಿದ್ದಾರೆ. ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರದ ದೊಡ್ಡ ತರಗತಿಗಾಗಿಯೇ ರೂಪಿಸಿದ ಕ್ರಮ ಇಲ್ಲಿ ನೆರವಾಗುತ್ತದೆ. ಸ್ವಲ್ಪ ಪಾಠ; ಒಂದು ಪ್ರಶ್ನೆ; ಪ್ರತಿಯೊಬ್ಬರೂ ಒಬ್ಬರೇ ಯೋಚಿಸಿ ಉತ್ತರ ತೋರಿಸುವುದು; ಪಕ್ಕದವರನ್ನು ಒಪ್ಪಿಸಲು ಪ್ರಯತ್ನಿಸುವುದು; ಮತ್ತೊಮ್ಮೆ ಉತ್ತರ ತೋರಿಸುವುದು. ಉದಾಹರಣೆಗೆ: ನೇರವಾಗಿ ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿರುವ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು? ವೇಗ ಸೊನ್ನೆಯಾದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ಬಹಳ ಮಂದಿ ಹೇಳುತ್ತಾರೆ. ಅದು ಕೆಳಮುಖವಾಗಿ 9.8 ಮೀ/ಸೆ² ಆಗಿಯೇ ಇರುತ್ತದೆ. ಉತ್ತರ ತೋರಿಸಲು ಯಂತ್ರ ಬೇಡ, ಎದೆಯ ಮುಂದೆ ಹಿಡಿದ ಬೆರಳುಗಳು ಸಾಕು.

ಮಜೂರ್ ಕ್ರಮದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಅದರ ತೀರ್ಮಾನದ ಸೂತ್ರ. ಮೊದಲ ಸುತ್ತಿನಲ್ಲಿ ಸರಿ ಉತ್ತರ ಸುಮಾರು 30ರಿಂದ 70 ಪ್ರತಿಶತದ ನಡುವೆ ಇದ್ದರೆ ಜೋಡಿ ಚರ್ಚೆಗೆ ಬಿಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ಪ್ರಯೋಜನವಿಲ್ಲ, ಪಾಠವನ್ನೇ ಇನ್ನೊಂದು ರೀತಿಯಲ್ಲಿ ಮಾಡಬೇಕು. ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದಕ್ಕೆ ಹೋಗಬೇಕು. ಚರ್ಚೆ ಯಾವಾಗ ಬೇಡ ಎಂಬುದನ್ನೂ ಹೇಳುವ ವಿಧಾನಗಳು ವಿರಳ.

ಪ್ರಶ್ನೆ ಕೇಳುವುದರಲ್ಲೂ ಸಣ್ಣ ಬದಲಾವಣೆ ದೊಡ್ಡ ಫಲ ಕೊಡುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ಕಂಡುಕೊಂಡರು. ಕಾಯುವಿಕೆ ಮೂರು ಸೆಕೆಂಡಿಗೆ ಏರಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಬಾಯಿ ತೆರೆದರು. ಇದಕ್ಕೆ ತಗಲುವ ಖರ್ಚು ಮೌನವೊಂದೇ.

ಕಾಲೇಜು ಮಟ್ಟದ ಪುರಾವೆ ಈಗ ಬಲವಾಗಿದೆ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರ ಪ್ರಮಾಣ 33.8 ಪ್ರತಿಶತ, ಸಕ್ರಿಯ ತರಗತಿಗಳಲ್ಲಿ 21.8 ಪ್ರತಿಶತ ಇತ್ತು. ಇದರ ಪಕ್ಕದಲ್ಲಿ 2019ರ ಲೂಯಿ ಡೆಲೊರಿಯೆ ಮತ್ತು ಸಂಗಡಿಗರ ಹಾರ್ವರ್ಡ್ ಅಧ್ಯಯನವನ್ನೂ ಓದಬೇಕು. ಅಲ್ಲಿ ಸಕ್ರಿಯ ತರಗತಿಯಲ್ಲಿ ಕೂತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಲಿತದ್ದು ಕಡಿಮೆ ಎಂದು ಭಾವಿಸಿದರು. ಸರಾಗವಾದ ಉಪನ್ಯಾಸ ‘ಎಲ್ಲ ಅರ್ಥವಾಯಿತು’ ಎಂಬ ನೆಮ್ಮದಿ ಕೊಡುತ್ತದೆ. ಯೋಚಿಸುವ ಶ್ರಮ ‘ಏನೋ ಬರುತ್ತಿಲ್ಲ’ ಎಂಬ ಕಸಿವಿಸಿ ಕೊಡುತ್ತದೆ. ವಿದ್ಯಾರ್ಥಿಗಳ ಮೆಚ್ಚುಗೆಯೊಂದನ್ನೇ ನೋಡಿ ವಿಧಾನ ಆರಿಸಿದರೆ ತಪ್ಪು ದಾರಿ ಹಿಡಿಯುವ ಅಪಾಯವಿದೆ. ಈ ಕಸಿವಿಸಿ ಸಹಜ ಎಂದು ಅವರಿಗೆ ಮೊದಲ ವಾರದಲ್ಲೇ ತಿಳಿಸಿ ಹೇಳಬೇಕು.

ಶಿಕ್ಷಕ ಮಿತ್ರರಲ್ಲಿ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್)‌ಗಳಲ್ಲಿ ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಮಾಲೋಚನಾ ಸಭೆಗೆ ಹೊಸ ವಿಧಾನದ ಬಗ್ಗೆ ಭಾಷಣ ಬೇಡ. ಪ್ರತಿ ಶಾಲೆಯಿಂದ ಒಂದೇ ಪಾಠದ, ಒಂದೇ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳ ನೋಟ್‌ಬುಕ್‌ಗಳನ್ನು ತನ್ನಿ. 52ರಿಂದ 27 ಕಳೆದು 35 ಬರೆದ ಮಗು ಹಾಗೇಕೆ ಬರೆಯಿತು ಎಂಬುದನ್ನು ಎಲ್ಲರೂ ಸೇರಿ ಅರ್ಧ ಗಂಟೆ ಚರ್ಚಿಸಿ, ಯಾವ ವಿಧಾನ ಎಂಬುದನ್ನು ಆಮೇಲೆ ತೀರ್ಮಾನಿಸಿ. ತಿಂಗಳು ಬಿಟ್ಟು ಅದೇ ಮಕ್ಕಳಿಗೆ ಅದೇ ಬಗೆಯ ಲೆಕ್ಕ ಕೊಟ್ಟು, ಆ ಪುಟಗಳನ್ನೂ ಮುಂದಿನ ಸಭೆಗೆ ತನ್ನಿ.